ಹನ್ನೊಂದು ಹೆಸರುಗಳ ಚೀಟಿ

ಮಾರ್ಚ್ ತಿಂಗಳ ಮೊದಲ ಶನಿವಾರ ಕೆಲ್‌ಬಿಯಲ್ಲಿ ನಾವು ಒಂದು ಗೋಲಿನಿಂದ ಸೋತೆವು. ಸೋತದ್ದೇನು ದೊಡ್ಡದಲ್ಲ, ಸೋತ ರೀತಿ ನಮ್ಮ ಮ್ಯಾನೇಜರ್ ರಸೆಲ್ ಬ್ರಾಡ್‌ಬೆಂಟನ ತಲೆ ಕೆಡಿಸಿತು. ಕಾರ್ನರ್ ಕಿಕ್ ಸಿಕ್ಕಾಗ ನಮ್ಮ ನಾಲ್ವರು ಒಬ್ಬರ ಹಿಂದೊಬ್ಬರು ಸಾಲಾಗಿ ನಿಂತು, ಚೆಂಡು ಮೇಲೆದ್ದ ಕ್ಷಣ ನಾಲ್ಕು ದಿಕ್ಕಿಗೆ ಚೆದುರುತ್ತಿದ್ದರು. ಹುಡುಗರು ಅದಕ್ಕೆ 'ರೈಲು' ಅಂತ ಹೆಸರಿಟ್ಟಿದ್ದರು. ಆ ಚಳಿಗಾಲ ರೈಲಿನಿಂದಲೇ ನಮಗೆ ಒಂಬತ್ತು ಗೋಲು ಬಂದಿದ್ದವು. ಕೆಲ್‌ಬಿಯಲ್ಲಿ ಮಾತ್ರ, ರೈಲು ಹೊರಡುವ ಮೊದಲೇ ಅವರ ನಾಲ್ವರು ಹೋಗಿ ನಾಲ್ಕೂ ನಿಲ್ದಾಣದಲ್ಲಿ ಕಾಯುತ್ತಿದ್ದರು.

ಮ್ಯಾಚ್ ಮುಗಿದ ಮೇಲೆ ಡ್ರೆಸ್ಸಿಂಗ್ ರೂಮಿನಲ್ಲಿ ನಾನು ಕೆಸರು ಮೆತ್ತಿದ ಜೆರ್ಸಿಗಳನ್ನು ಚೀಲಕ್ಕೆ ತುಂಬುತ್ತಿದ್ದೆ. ರಸೆಲ್ ಬಾಗಿಲು ಹಾಕಿ, ಅದಕ್ಕೆ ಬೆನ್ನು ಕೊಟ್ಟು ನಿಂತ.

"ನಿಮ್ಮಲ್ಲಿ ಯಾರೋ ಬಾಯಿ ಬಿಟ್ಟಿದ್ದೀರ. ಯಾರು ಅಂತ ಈಗ ಕೇಳಲ್ಲ. ನಾನೇ ಕಂಡುಹಿಡೀತೀನಿ."

ಒಬ್ಬೊಬ್ಬರೂ ಪಕ್ಕದವನ ಮುಖವನ್ನು ಒಂದು ಸಲ ನೋಡಿಕೊಂಡರು. ಎಲ್ಲ ಶುರುವಾದದ್ದು ಅಲ್ಲಿಂದ.

ನಾನು ಗ್ಲೆನಿಸ್ ಹಾರ್ಕರ್. ಡನ್‌ಥಾರ್ಪ್ ಟೌನ್ ತಂಡದ ಬಟ್ಟೆ ಒಗೆಯುವುದು ಇಪ್ಪತ್ತೆರಡು ವರ್ಷದಿಂದ ನನ್ನ ಕೆಲಸ. ಗಂಡ ಕ್ಲಬ್ಬಿನ ಕಾರ್ಯದರ್ಶಿಯಾಗಿದ್ದರು. ಅವರು ಹೋದ ಮೇಲೂ ಒಗೆತ ನನ್ನ ಕೈಯಲ್ಲೇ ಉಳಿಯಿತು. ಆಟಗಾರರಿಗೆ ನಾನು ಗ್ಲೆನ್ ಆಂಟಿ. ನಮ್ಮ ದರ್ಜೆಯ ಲೀಗಿನಲ್ಲಿ ಚೆಂಡು ಒದ್ದೇ ಹೊಟ್ಟೆ ಹೊರೆಯುವವರು ಯಾರೂ ಇಲ್ಲ. ರಸೆಲ್ ಬಚ್ಚಲುಮನೆಗಳಿಗೆ ಟೈಲ್ಸ್ ಹಾಕುತ್ತಾನೆ. ಕ್ಯಾಪ್ಟನ್ ಮಿಚ್ ಹಾಲಿನ ಲಾರಿ ಓಡಿಸುತ್ತಾನೆ. ಗೋಲ್‌ಕೀಪರ್ ಡ್ಯಾರಿಲ್ ಹೆಪ್‌ವರ್ತ್ ಛಾವಣಿ ಕೆಲಸದವನು, ಮೂವತ್ನಾಲ್ಕು ವರ್ಷ, ನಮ್ಮಲ್ಲಿ ಹನ್ನೆರಡನೇ ಸೀಸನ್. ಆ ವರ್ಷ ನಾವು ಪಟ್ಟಿಯಲ್ಲಿ ಮೂರನೆಯವರು. ಮೊದಲನೆಯವರು ನೇರ ಮೇಲಿನ ಲೀಗಿಗೆ ಹೋಗುತ್ತಾರೆ. ಆಮೇಲಿನ ನಾಲ್ವರು ಉಳಿದ ಒಂದೇ ಜಾಗಕ್ಕೆ ಪ್ಲೇ-ಆಫ್‌ನಲ್ಲಿ ಹೊಡೆದಾಡಬೇಕು. ಡನ್‌ಥಾರ್ಪ್ ಮೇಲಕ್ಕೆ ಹೋಗಿ ಮೂವತ್ತೊಂದು ವರ್ಷವಾಗಿತ್ತು. ಹಾಗಾಗಿ ಎಲ್ಲರಿಗೂ ಒಂದು ಥರದ ಜ್ವರ.

ಕೆಲ್‌ಬಿಯ ಸೋಲಿನ ನಂತರ ಆ ಜ್ವರ ವಿಷಕ್ಕೆ ತಿರುಗಿತು. ಅಭ್ಯಾಸಕ್ಕೆ ಬಂದವರೆಲ್ಲ ಮೊಬೈಲನ್ನು ನೆಲ ಒರೆಸುವ ಬಕೆಟ್ಟಿಗೆ ಹಾಕಬೇಕು. ಆಡುವ ಹನ್ನೊಂದು ಜನರ ಪಟ್ಟಿ ಮೊದಲು ಗುರುವಾರವೇ ಗೊತ್ತಾಗುತ್ತಿತ್ತು, ಈಗ ಆಟಕ್ಕೆ ಒಂದು ಗಂಟೆ ಮುಂಚೆ ಗೋಡೆಗೆ ಬೀಳತೊಡಗಿತು. ಮೈದಾನದ ಗೋಡೆಯಾಚೆ ನಾಯಿ ಹಿಡಿದು ನಡೆಯುವ ಮುದುಕನೊಬ್ಬನನ್ನು ಮಿಚ್ ಬೆನ್ನಟ್ಟಿ, "ಏನ್ರೀ ಇಣುಕ್ತೀರಾ?" ಅಂತ ಜಗಳಕ್ಕೆ ನಿಂತ. ಆ ಮುದುಕ ನಮ್ಮ ಕ್ಲಬ್ಬಿನ ಅಧ್ಯಕ್ಷರ ಭಾವಮೈದ. ಹಿಂದೆ ಅಭ್ಯಾಸ ಮುಗಿಸಿ ಎಲ್ಲರೂ ಒಟ್ಟಿಗೆ ಚಿಪ್ಸ್ ತಿನ್ನಲು ಹೋಗುತ್ತಿದ್ದವರು, ಈಗ ಒಬ್ಬೊಬ್ಬರೇ ಕಾರು ಹತ್ತಿ ಹೋಗುತ್ತಿದ್ದರು.

ನಾನು ಇದನ್ನೆಲ್ಲ ನೋಡಿ ನಗುತ್ತಿದ್ದೆ. ಆ ಬುಧವಾರದವರೆಗೆ.

ಪಾದದ ಆಣಿ ತೋರಿಸಲು ನಾನು ಕೆಲ್‌ಬಿಗೆ ಹೋಗುವುದುಂಟು. ಮಾರ್ಚ್ ಕೊನೆಯ ಬುಧವಾರ, ಮಧ್ಯಾಹ್ನ ಮೂರರ ಹೊತ್ತು, ಬಸ್ಸಿಗೆ ಕಾಯುತ್ತಾ ಲೈಬ್ರರಿಯ ಪಕ್ಕದ ಕೆಫೆಯ ಗಾಜಿನೊಳಗೆ ಕಣ್ಣು ಹಾಯಿಸಿದೆ. ಡ್ಯಾರಿಲ್ ಕೂತಿದ್ದ. ಎದುರಿಗೆ ಕ್ಲೈವ್ ಸೆಂಡಲ್, ಕೆಲ್‌ಬಿ ರೋವರ್ಸ್‌ನ ಮ್ಯಾನೇಜರ್. ನಮ್ಮ ರೈಲನ್ನು ಹಳಿ ತಪ್ಪಿಸಿದ ಅದೇ ಮನುಷ್ಯ. ಇಬ್ಬರ ತಲೆಯೂ ಒಂದು ಕಾಗದದ ಮೇಲೆ ಬಾಗಿತ್ತು. ಕ್ಲೈವ್ ಪೆನ್ನಿನಿಂದ ಏನನ್ನೋ ತೋರಿಸಿದ. ಡ್ಯಾರಿಲ್ ತಲೆಯಾಡಿಸಿದ. ಆಮೇಲೆ ಕಾಗದವನ್ನು ನಾಲ್ಕು ಮಡಿಕೆ ಮಾಡಿ ಒಳಜೇಬಿಗೆ ಇಟ್ಟುಕೊಂಡು, ಕಿಟಕಿಯತ್ತ ಒಮ್ಮೆ ನೋಡಿದ, ಕದ್ದವನು ನೋಡುವ ಹಾಗೆ. ನಾನು ಬಸ್ ನಿಲ್ದಾಣದ ಕಂಬದ ಹಿಂದೆ ಸರಿದೆ, ತಪ್ಪು ಮಾಡಿದವಳು ನಾನೇ ಎಂಬಂತೆ.

ಮರುದಿನ ಅಭ್ಯಾಸಕ್ಕೆ ಬಂದವನನ್ನು ಕೇಳಿದೆ. "ನಿನ್ನೆ ಎಲ್ಲೋ, ಕೆಲಸಕ್ಕೆ ರಜೆನಾ?"

"ಇಲ್ಲ ಆಂಟಿ, ಚರ್ಚಿನ ಮೇಲೆ ಹತ್ತಿದ್ದೆ. ಸೊಂಟ ಬಿದ್ದುಹೋಗಿದೆ."

ಸುಳ್ಳು. ಅದೂ ಚರ್ಚಿನ ಹೆಸರಲ್ಲಿ.

ಅಲ್ಲಿಂದಾಚೆ ಅವನು ಏನು ಮಾಡಿದರೂ ನನಗೆ ಅದರಲ್ಲಿ ಏನೋ ಕಾಣುತ್ತಿತ್ತು. ಪಟ್ಟಿ ಗೋಡೆಗೆ ಬಿದ್ದಾಗ ಎಲ್ಲರೂ ಮುಗಿಬಿದ್ದು ನೋಡಿದರೆ, ಇವನು ಮಾತ್ರ ಕೂತಲ್ಲಿಂದಲೇ, "ಆಂಟಿ, ಇವತ್ತು ಯಾರ್ಯಾರು?" ಅಂತ ಕೇಳುತ್ತಿದ್ದ. ಹನ್ನೆರಡು ವರ್ಷದಿಂದ ಕೇಳುತ್ತಿದ್ದ, ನಾನು ಸೋಮಾರಿ ಅಂತ ಬೈಯುತ್ತಾ ಓದಿ ಹೇಳುತ್ತಿದ್ದೆ. ಈಗ ಅನ್ನಿಸಿತು: ನನ್ನ ಬಾಯಿಂದ ಹೇಳಿಸಿ ಮನಸ್ಸಿಗೆ ಹಾಕಿಕೊಳ್ಳುತ್ತಿದ್ದಾನೆ. ಅವನು ಶೌಚಾಲಯಕ್ಕೆ ಹೋದರೆ ಗಡಿಯಾರ ನೋಡುತ್ತಿದ್ದೆ. ಅವನು ಗೋಲು ಬಿಟ್ಟರೆ, ಬೇಕಂತ ಬಿಟ್ಟನೇ ಅಂತ ಕಾಲಿನ ಚಲನೆ ನೋಡುತ್ತಿದ್ದೆ. ಹಾಗೆ ನೋಡಿದರೆ ಯಾವ ಗೋಲ್‌ಕೀಪರನೂ ಕಳ್ಳನ ಹಾಗೇ ಕಾಣುತ್ತಾನೆ.

ಏಪ್ರಿಲ್ ಮಧ್ಯದ ಒಂದು ಸೋಮವಾರ ಅವನ ಟ್ರ್ಯಾಕ್‌ಸೂಟ್ ಮೆಷಿನ್ನಿಗೆ ಹಾಕುವ ಮುಂಚೆ ಎಂದಿನಂತೆ ಜೇಬು ಹೊರಳಿಸಿದೆ. ಮಡಿಸಿದ ಕಾಗದ ಸಿಕ್ಕಿತು. ಅದರಲ್ಲಿ ನಮ್ಮ ಹನ್ನೊಂದು ಆಟಗಾರರ ಹೆಸರು, ಒಂದರ ಕೆಳಗೊಂದು. ದೊಡ್ಡ ದೊಡ್ಡ ಸೊಟ್ಟ ಅಕ್ಷರ. ಕೆಲವು ಹೆಸರು ತಪ್ಪಾಗಿ ಬರೆದಿತ್ತು. ಗುರುತು ಸಿಗದಿರಲಿ ಅಂತ ಎಡಗೈಯಲ್ಲಿ ಬರೆದಿದ್ದಾನೆ ಅಂದುಕೊಂಡೆ. ನಾಲ್ಕು ಹೆಸರಿನ ಸುತ್ತ ಬೇರೆಯವರ ಕೈಯ ಕೆಂಪು ಶಾಯಿಯ ಗೆರೆ. ಅದರಲ್ಲಿ ಮಿಚ್‌ನದೂ ಒಂದು. ಹಿಂದಿನ ಶನಿವಾರವಷ್ಟೇ ಎದುರಾಳಿಗಳು ಮಿಚ್‌ನ ಕಡೆಯಿಂದಲೇ ಮತ್ತೆ ಮತ್ತೆ ನುಗ್ಗಿದ್ದರು.

ಕಾಗದ ಕೈಯಲ್ಲಿ ಹಿಡಿದು ಮೆಷಿನ್ನಿನ ಮೇಲೆ ಕೂತೆ. ಅವನನ್ನೇ ಕರೆದು ಕೇಳಬಹುದಿತ್ತು. ನನ್ನ ಗಂಡ ಸತ್ತಾಗ ಮೂರು ದಿನ ಕೆಲಸ ಬಿಟ್ಟು ಬಂದು ನಮ್ಮ ಮನೆಯ ಸೋರುವ ಮಾಡು ರಿಪೇರಿ ಮಾಡಿಕೊಟ್ಟವನು. ಕೇಳಬಹುದಿತ್ತು. ಕೇಳಲಿಲ್ಲ. ಮೊದಲೊಂದು ಸಲ ಸುಳ್ಳು ಹೇಳಿದವನು ಮತ್ತೆ ಹೇಳುತ್ತಾನೆ, ಎಚ್ಚೆತ್ತುಕೊಳ್ಳುತ್ತಾನೆ ಅಂತ ನನಗೆ ನಾನೇ ಹೇಳಿಕೊಂಡೆ. ಕಾಗದವನ್ನು ಇದ್ದ ಹಾಗೇ ಮಡಿಸಿ ಅವನ ಬೂಟಿನ ಚೀಲದಲ್ಲಿಟ್ಟೆ. ನೇರ ರಸೆಲ್‌ನ ಹತ್ತಿರ ಹೋದೆ.

ಅವನು ನಾನು ಹೇಳಿದ್ದನ್ನೆಲ್ಲ ಕೇಳಿದ. ಕೆಫೆ, ಸುಳ್ಳು, ಚೀಟಿ, ಕೆಂಪು ಗೆರೆ.

"ಡ್ಯಾರಿಲ್," ಅಂದ. ಆಮೇಲೆ, "ನಮ್ಮ ಕೋಚ್ ಫಿಲ್‌ನ ಮೇಲೆ ಅನುಮಾನ ಇತ್ತು ನನಗೆ. ಛೆ. ಡ್ಯಾರಿಲ್."

"ಒಂದ್ಸಲ ಅವನ ಹತ್ರ ಮಾತಾಡು ರಸೆಲ್."

"ಮಾತಾಡಿದ್ರೆ ಆ ಕಡೆಯವರಿಗೂ ಸುದ್ದಿ ಹೋಗುತ್ತೆ. ನೀನು ಸುಮ್ನಿರು ಗ್ಲೆನ್. ನೀನು ಒಳ್ಳೇ ಕೆಲಸ ಮಾಡಿದೀಯ."

ಒಳ್ಳೇ ಕೆಲಸ ಅಂದದ್ದು ಕೇಳಿ ನನಗೆ ಸಮಾಧಾನವಾಗಬೇಕಿತ್ತು.

ಪ್ಲೇ-ಆಫ್ ಸೆಮಿಫೈನಲ್ ಏಪ್ರಿಲ್ ಕೊನೆಯ ಮಂಗಳವಾರ ಸಂಜೆ, ನಮ್ಮದೇ ಮೈದಾನದಲ್ಲಿ. ಸುದ್ದಿ ಅಷ್ಟರಲ್ಲಿ ಹೇಗೋ ಹುಡುಗರಿಗೂ ಮುಟ್ಟಿತ್ತು. ಡ್ಯಾರಿಲ್ ಬರುವ ಮುಂಚೆ ಯಾರೋ ಅವನ ಬಟ್ಟೆ ಗೂಟಕ್ಕೆ ಕೆಲ್‌ಬಿ ರೋವರ್ಸ್‌ನ ಕೆಂಪು-ಕಪ್ಪು ಮಫ್ಲರ್ ಗಂಟು ಹಾಕಿದ್ದರು. ಅದಕ್ಕೆ ಪಿನ್ ಚುಚ್ಚಿದ ರಟ್ಟಿನ ತುಂಡಿನ ಮೇಲೆ ಒಂದೇ ಒಂದು ಪದ: ದ್ರೋಹಿ. ನಾನು ಕಿತ್ತು ಹಾಕಬೇಕೆನ್ನುವಷ್ಟರಲ್ಲಿ ಅವನು ಒಳಗೆ ಬಂದ.

ಎಲ್ಲರೂ ಬೂಟಿನ ಲೇಸ್ ಕಟ್ಟುವುದರಲ್ಲಿ ಮುಳುಗಿದರು. ಡ್ಯಾರಿಲ್ ಮಫ್ಲರ್ ನೋಡಿದ. ರಟ್ಟನ್ನು ಕೈಯಲ್ಲಿ ಹಿಡಿದು ತುಂಬ ಹೊತ್ತು ನೋಡಿದ. ನನ್ನ ಕಡೆ ತಿರುಗಿ, "ಆಂಟಿ..." ಅಂದವನು ಅಷ್ಟಕ್ಕೇ ನಿಲ್ಲಿಸಿದ. ರಟ್ಟನ್ನು ಜೇಬಿಗೆ ಹಾಕಿಕೊಂಡ. ಅವನ ಮುಖದಲ್ಲಿ ಸಿಟ್ಟಿಲ್ಲ, ನಾಚಿಕೆಯಿಲ್ಲ, ಏನೂ ಇಲ್ಲ. ಎಂಥ ಭಂಡ ಅಂದುಕೊಂಡೆ.

ರಸೆಲ್ ಬಾಗಿಲಲ್ಲಿ ನಿಂತು ಹೇಳಿದ. "ಇವತ್ತು ಫಿಲ್ ಗೋಲಲ್ಲಿ ನಿಲ್ತಾನೆ."

ಫಿಲ್ ನಮ್ಮ ಗೋಲ್‌ಕೀಪರುಗಳ ತರಬೇತುದಾರ. ನಲವತ್ನಾಲ್ಕು ವರ್ಷ, ಎರಡು ವರ್ಷದಿಂದ ಆಡಿರಲಿಲ್ಲ.

"ಯಾಕೆ ಬಾಸ್? ನನಗೇನಾಗಿದೆ?" ಅಂದ ಡ್ಯಾರಿಲ್.

"ಯಾಕೆ ಅಂತ ನಿನಗೇ ಗೊತ್ತು."

"ಗೊತ್ತಿಲ್ಲ ಬಾಸ್. ಹೇಳಿ."

ರಸೆಲ್ ಮೈದಾನಕ್ಕೆ ಹೊರಟುಹೋದ. ಆ ಸಂಜೆ ಫಿಲ್‌ಗೆ ಹೆಚ್ಚು ಕೆಲಸವೇ ಬೀಳಲಿಲ್ಲ. ಮಿಚ್ ತಲೆಯಿಂದ ಒಂದು ಗೋಲು ಹೊಡೆದ, ನಾವು ಗೆದ್ದೆವು. ಜನ ಮೈದಾನಕ್ಕೆ ನುಗ್ಗಿ ಕುಣಿದರು. ಡ್ಯಾರಿಲ್ ಮೇಲಿನ ಸ್ಟ್ಯಾಂಡಿನ ಮೂಲೆಯಲ್ಲಿ ಒಬ್ಬನೇ ಕೂತಿದ್ದ. ಆಟ ನೋಡುತ್ತಿರಲಿಲ್ಲ, ತಲೆ ಬಗ್ಗಿಸಿ ಕೈಯಲ್ಲಿದ್ದ ಏನನ್ನೋ ನೋಡುತ್ತಿದ್ದ. ಮೊಬೈಲು, ಸುದ್ದಿ ಕಳಿಸ್ತಿದ್ದಾನೆ ಅಂತ ನನ್ನ ಪಕ್ಕದವನಿಗೆ ಹೇಳಿದೆ. ಹೌದು, ಅದನ್ನೂ ನಾನೇ ಹೇಳಿದೆ.

ಫೈನಲ್ ಮೇ ತಿಂಗಳ ಮೊದಲ ಸೋಮವಾರ, ರಜೆಯ ದಿನ, ಮಧ್ಯಾಹ್ನ ಮೂರಕ್ಕೆ. ಎರಡನೇ ಸ್ಥಾನದಲ್ಲಿದ್ದ ಕೆಲ್‌ಬಿಯೇ ಎದುರಾಳಿ, ಮೈದಾನವೂ ಅವರದೇ. ಇನ್ನೊಬ್ಬ ಗೋಲ್‌ಕೀಪರ್ ಇಲ್ಲದೆ ಹೋಗುವುದು ಬೇಡ ಅಂತ ಅಧ್ಯಕ್ಷರು ಹಟ ಹಿಡಿದದ್ದರಿಂದ ರಸೆಲ್ ಡ್ಯಾರಿಲ್‌ನನ್ನು ಬೆಂಚಿಗೆ ಸೇರಿಸಿಕೊಂಡ. ಬಸ್ಸಿನಲ್ಲಿ ಅವನ ಪಕ್ಕದ ಸೀಟು ಖಾಲಿ ಇತ್ತು. ನಾನೂ ಹೋಗಿ ಕೂರಲಿಲ್ಲ.

ಎರಡು ಸಾವಿರ ಜನ ಸೇರಿದ್ದರು, ನಮ್ಮ ಲೆಕ್ಕದಲ್ಲಿ ಅದು ಜಾತ್ರೆ. ಮೊದಲು ಅವರದೊಂದು ಗೋಲು, ವಿರಾಮದ ನಂತರ ನಮ್ಮದೊಂದು. ಎಪ್ಪತ್ತೊಂದನೇ ನಿಮಿಷದಲ್ಲಿ ಫಿಲ್ ಒಂದು ಎತ್ತರದ ಚೆಂಡಿಗೆ ಹಾರಿದವನು ಬಿದ್ದು ಏಳಲಿಲ್ಲ. ತೊಡೆಯ ಹಿಂಭಾಗ ಹಿಡಿದುಕೊಂಡು ಕೂಗುತ್ತಿದ್ದ.

ಡ್ಯಾರಿಲ್ ಆಗಲೇ ಎದ್ದು ಗ್ಲೌಸ್ ಹಾಕಿಕೊಂಡಿದ್ದ. ಮೇಲಂಗಿ ಬಿಚ್ಚಿ ಗೆರೆಯ ಹತ್ತಿರ ಬಂದು ನಿಂತ. ಅವನ ಕಡೆ ನೋಡದೆಯೇ ರಸೆಲ್ ಕೂಗಿದ.

"ಮಿಚ್! ಗೋಲಿಗೆ ಹೋಗು! ಫಿಲ್‌ನ ಜೆರ್ಸಿ ಹಾಕ್ಕೋ!"

ಮಿಚ್‌ಗೆ ಅರ್ಥವಾಗಲಿಲ್ಲ. "ನಾನಾ?"

"ಹೋಗು ಅಂದೆ!"

ಮೈದಾನ ಗಪ್ಪಾಯಿತು. ಗ್ಲೌಸ್ ಹಾಕಿಕೊಂಡ ಗೋಲ್‌ಕೀಪರ್ ಗೆರೆಯ ಮೇಲೆ ನಿಂತಿದ್ದಾನೆ, ಹಾಲಿನ ಲಾರಿಯವನು ಗೋಲಿಗೆ ಹೋಗುತ್ತಿದ್ದಾನೆ. ಆಚೆ ಬದಿಯಿಂದ ಕ್ಲೈವ್ ಸೆಂಡಲ್ ಎರಡೂ ಕೈ ಎತ್ತಿ ಕೂಗಿದ್ದು ನಮಗೆಲ್ಲ ಕೇಳಿಸಿತು. "ರಸೆಲ್, ಹುಚ್ಚು ಹಿಡಿದಿದೆಯೇನಯ್ಯಾ ನಿನಗೆ? ಅವನನ್ನ ಕಳಿಸು!"

"ನೋಡಿದ್ಯಾ, ಹೇಗೆ ಕೇಳ್ತಾನೆ ಅವನನ್ನೇ!" ಅಂದ ರಸೆಲ್ ನನಗೆ. ಅದು ಅವನಿಗೆ ಸಾಕ್ಷಿಯಾಗಿ ಕಂಡಿತು. ನಿಜ ಹೇಳಬೇಕೆಂದರೆ ನನಗೂ.

ಡ್ಯಾರಿಲ್ ಗ್ಲೌಸ್ ಬಿಚ್ಚಲಿಲ್ಲ, ಕೂರಲೂ ಇಲ್ಲ. ಉಳಿದಷ್ಟೂ ಹೊತ್ತು ಹಾಗೇ ನಿಂತಿದ್ದ. ಎಂಬತ್ತಾರನೇ ನಿಮಿಷದಲ್ಲಿ ಕೆಲ್‌ಬಿಯವನೊಬ್ಬ ದೂರದಿಂದ ಉರುಳಿಸಿದ ಚೆಂಡು ಮಿಚ್‌ನ ಅಂಗೈಗೆ ತಾಗಿ, ಮೊಣಕಾಲಿನ ನಡುವಿಂದ ನುಸುಳಿ ಒಳಗೆ ಹೋಯಿತು. ಎರಡು-ಒಂದು. ಮೇಲಕ್ಕೆ ಹೋದದ್ದು ಅವರು.

ಆಟ ಮುಗಿದ ಮೇಲೆ ನಾನು ನಮ್ಮ ಬಸ್ಸಿನ ಹಿಂದೆ ಬಟ್ಟೆ ಚೀಲಗಳನ್ನು ಎತ್ತಿಡುತ್ತಿದ್ದೆ. ಕ್ಲೈವ್ ಸೆಂಡಲ್ ಗೆಲುವಿನ ಗಲಾಟೆ ಬಿಟ್ಟು ಅಲ್ಲಿಗೆ ಬಂದ. ನಿವೃತ್ತ ಶಾಲಾ ಮೇಷ್ಟ್ರು, ಅರವತ್ತೈದು ದಾಟಿದವನು.

"ಗ್ಲೆನಿಸ್, ಡ್ಯಾರಿಲ್‌ಗೆ ಏನಾಗಿದೆ? ಹುಷಾರಿಲ್ವಾ?"

"ನಿಮಗೆ ಗೊತ್ತಿಲ್ಲದ್ದೇನಿದೆ?" ಅಂದೆ. "ಡ್ಯಾರಿಲ್ ಜೊತೆ ಕೆಫೆಯಲ್ಲಿ ಕೂತು ನಮ್ಮ ರೈಲಿನ ಗುಟ್ಟು ಬಿಡಿಸಿಕೊಂಡ್ರಲ್ಲ. ಈಗ ಕ್ಷೇಮ ಬೇರೆ ಕೇಳ್ತೀರಾ?"

ಅವನು ಕಣ್ಣು ಪಿಳಿಪಿಳಿ ಬಿಟ್ಟ. "ರೈಲು? ಆ ನಾಲ್ಕು ಜನ ಸಾಲಾಗಿ ನಿಲ್ತಾರಲ್ಲ, ಅದಾ? ಅಮ್ಮಾ ತಾಯಿ, ನಿಮ್ಮ ಪ್ರತಿ ಮ್ಯಾಚಿನ ವಿಡಿಯೋನೂ ನಿಮ್ಮ ಕ್ಲಬ್ಬೇ ಭಾನುವಾರ ಬೆಳಿಗ್ಗೆ ಇಂಟರ್‌ನೆಟ್ಟಿಗೆ ಹಾಕುತ್ತೆ. ಒಂಬತ್ತು ಗೋಲು ಒಂದೇ ಥರ ಹೊಡೆದ್ರೆ ನಾನು ಕಣ್ಣು ಮುಚ್ಚಿಕೊಂಡು ಕೂರ್ಬೇಕಾ?"

"ಮತ್ತೆ ಆ ಚೀಟಿ? ನೀವಿಬ್ಬರೂ ಸೇರಿ..."

ಅವನ ಮುಖ ಬದಲಾಯಿತು. "ಅದು ಅವನ ವಿಷಯ. ನನ್ನ ಬಾಯಿಂದ ಬರಲ್ಲ. ಹೋಗಿ ಅವನನ್ನೇ ಕೇಳಿ. ಮೊದಲೇ ಕೇಳ್ಬೇಕಿತ್ತು."

ಮರುದಿನ ಮಧ್ಯಾಹ್ನ ಡ್ಯಾರಿಲ್‌ನ ಮನೆಗೆ ಹೋದೆ. ಅವನೇ ಬಾಗಿಲು ತೆಗೆದ, ಅಡುಗೆಮನೆಗೆ ಕರೆದುಕೊಂಡು ಹೋಗಿ ಕೆಟಲ್ ತುಂಬಿಸಿದ. ಅವನ ಬೆನ್ನಿಗೇ ಹೇಳಿದೆ. "ಚೀಟಿ ನೋಡಿದ್ದು ನಾನು. ರಸೆಲ್‌ಗೆ ಹೇಳಿದ್ದೂ ನಾನೇ."

"ಗೊತ್ತಿತ್ತು. ನನ್ನ ಜೇಬಿಗೆ ಕೈ ಹಾಕೋರು ನೀವೊಬ್ಬರೇ ಅಲ್ವಾ ಆಂಟಿ."

"ಆ ಕೆಂಪು ಗೆರೆ ಏನು?"

"ತಪ್ಪು ಬರೆದ ಹೆಸರುಗಳು. ಕ್ಲೈವ್ ತಿದ್ದಿ ಕೊಟ್ಟಿದ್ದು."

ನನಗೆ ತಿಳಿಯಲಿಲ್ಲ. ಅವನು ತಿರುಗಿ ನಿಂತ. "ನನಗೆ ಓದಕ್ಕೆ ಬರಲ್ಲ ಆಂಟಿ. ಬರೆಯಕ್ಕೂ ಬರಲ್ಲ. ಹೆಂಡತಿ ಒಬ್ಬಳಿಗೆ ಗೊತ್ತು."

ಆಮೇಲೆ ಎಲ್ಲ ಹೇಳಿದ. ಶಾಲೆಯಲ್ಲಿ ಕೊನೇ ಬೆಂಚು, ಯಾರೂ ಕೇಳಲಿಲ್ಲ, ಇವನೂ ಹೇಳಲಿಲ್ಲ. ಇನ್ನೆರಡು ವರ್ಷಕ್ಕೆ ಆಟ ಮುಗಿಯುತ್ತದೆ, ಫಿಲ್‌ನ ಹಾಗೆ ಗೋಲ್‌ಕೀಪರುಗಳಿಗೆ ಕಲಿಸಬೇಕೆಂಬ ಆಸೆ. ಆದರೆ ತರಬೇತುದಾರನ ಸರ್ಟಿಫಿಕೇಟಿಗೆ ಬರೆಯಲೇಬೇಕು. ಡನ್‌ಥಾರ್ಪಿನಲ್ಲಿ ಯಾರಾದರೂ ನೋಡುತ್ತಾರೆ ಅಂತ ಕೆಲ್‌ಬಿಯ ಲೈಬ್ರರಿಯಲ್ಲಿ ಬುಧವಾರ ಬುಧವಾರ ದೊಡ್ಡವರಿಗೆ ನಡೆಯುವ ಓದಿನ ತರಗತಿಗೆ ಸೇರಿದ. "ಮೊದಲ ದಿನ ತಲೆ ಎತ್ತಿ ನೋಡಿದ್ರೆ ಮೇಷ್ಟ್ರು ಕ್ಲೈವ್ ಸೆಂಡಲ್! ಅಲ್ಲಿಂದಲೇ ಓಡಿಹೋಗೋಣ ಅನ್ನಿಸ್ತು. ಅವನು ಪಾಪ, ಕೆಫೆಗೆ ಕರ್ಕೊಂಡು ಹೋಗಿ ಬೇರೆಯಾಗಿ ಹೇಳಿಕೊಟ್ಟ. ನಿಮ್ಮ ತಂಡದ ಹೆಸರುಗಳಿಂದಲೇ ಶುರು ಮಾಡು, ನಾಳೆ ಪಟ್ಟಿ ಬರೆಯೋನು ನೀನೇ ಅಲ್ವಾ ಅಂದ. ಫುಟ್‌ಬಾಲ್ ಮಾತೇ ಆಡ್ತಿರಲಿಲ್ಲ ನಾವು."

"ಆ ರಟ್ಟು..." ಅಂದೆ.

"ಸೆಮಿಫೈನಲ್ ದಿನ ಸ್ಟ್ಯಾಂಡಲ್ಲಿ ಕೂತು ಓದಿದೆ. ಒಂದೊಂದೇ ಅಕ್ಷರ ಹಿಡ್ಕೊಂಡು. ಅರ್ಧ ಮ್ಯಾಚ್ ಬೇಕಾಯ್ತು. ಯಾರ ಸಹಾಯಾನೂ ಇಲ್ದೆ ನಾನೊಬ್ಬನೇ ಓದಿದ ಮೊದಲ ಮಾತು ಆಂಟಿ ಅದು." ಅವನು ನಕ್ಕ, ಆಮೇಲೆ ಮುಖವನ್ನು ಟವೆಲ್ಲಿನಿಂದ ಒರೆಸಿಕೊಂಡ. ನಾನು ಕ್ಷಮೆ ಕೇಳಿದೆ. ಏನೇನೋ ಹೇಳಿದೆ, ಎಲ್ಲ ನೆನಪಿಲ್ಲ. ಅವನು ಚಹಾದ ಕಪ್ಪನ್ನು ನನ್ನ ಕಡೆ ತಳ್ಳಿದ.

"ನಾನು ಏನೂ ಬಿಟ್ಟುಕೊಟ್ಟಿಲ್ಲ ಅಂತ ಹೇಳಿ. ಓದಿನ ವಿಷಯ ಮಾತ್ರ ಎತ್ತಬೇಡಿ. ದ್ರೋಹಿ ಅಂದ್ರೆ ತಡ್ಕೋತೀನಿ. ಅ ಆ ಬರದವನು ಅಂತ ಡ್ರೆಸ್ಸಿಂಗ್ ರೂಮಲ್ಲಿ ನಗ್ತಾರಲ್ಲ, ಅದು ನನ್ನ ಕೈಲಿ ಆಗಲ್ಲ. ಮಾತು ಕೊಡಿ."

ಕೊಟ್ಟೆ.

ಸಂಜೆ ರಸೆಲ್‌ಗೆ ಹೇಳಿದೆ, ನನ್ನಿಂದ ತಪ್ಪಾಯಿತು, ಡ್ಯಾರಿಲ್ ನಿರಪರಾಧಿ ಅಂತ. ವಿಡಿಯೋದ ಮಾತೂ ಹೇಳಿದೆ.

"ವಿಡಿಯೋ ಸರಿ. ಚೀಟಿ?"

"ಅದು ಬೇರೆ ಏನೋ. ನಂಬು."

"ಬೇರೆ ಏನು?"

"ಹೇಳಕ್ಕಾಗಲ್ಲ."

ಅವನು ನನ್ನನ್ನೇ ನೋಡಿದ. ಆ ನೋಟ ನನಗೆ ಚೆನ್ನಾಗಿ ಗೊತ್ತಿತ್ತು, ಒಂದು ತಿಂಗಳು ನಾನೇ ಡ್ಯಾರಿಲ್‌ನನ್ನು ಹಾಗೆ ನೋಡಿದ್ದೆ. "ನೀನು ಅವನ ಮನೆಗೆ ಹೋಗಿದ್ದನ್ನ ಮಿಚ್ ನೋಡಿದಾನೆ. ಇರಲಿ. ನಿನ್ನೆ ಆ ಸೆಂಡಲ್ ಜೊತೆ ಬಸ್ಸಿನ ಹಿಂದೆ ನಿಂತು ಅಷ್ಟು ಹೊತ್ತು ಏನು ಮಾತಾಡ್ತಿದ್ದೆ ಗ್ಲೆನ್?"

ನಾನು ಎದ್ದು ಬಂದೆ. ಹೇಳಿದ್ದರೂ ನಂಬುತ್ತಿರಲಿಲ್ಲ.

ಜೂನ್ ಹೊತ್ತಿಗೆ ನಾನು ಒಳಗೆ ಬಂದರೆ ಮಾತು ನಿಲ್ಲತೊಡಗಿತು. ಜುಲೈಯಲ್ಲಿ, ಇನ್ನು ಮುಂದೆ ಬಟ್ಟೆ ಹೊರಗಡೆ ಒಗೆಯಲು ಕೊಡುತ್ತೇವೆ, ಇಷ್ಟು ವರ್ಷದ ಸೇವೆಗೆ ವಂದನೆಗಳು ಅಂತ ಅಧ್ಯಕ್ಷರ ಪತ್ರ ಬಂತು. ಡ್ಯಾರಿಲ್ ಆಗಲೇ ಎರಡು ದರ್ಜೆ ಕೆಳಗಿನ ಹಾಲ್ಟನ್ ವೆಲ್‌ಫೇರ್ ತಂಡಕ್ಕೆ ಹೋಗಿಯಾಗಿತ್ತು. ಬುಧವಾರದ ಪಾಠ ಬಿಡಲಿಲ್ಲವಂತೆ. ಎರಡು ವರ್ಷದ ಮೇಲೆ ಸರ್ಟಿಫಿಕೇಟು ಬಂದಾಗ ಅವನೇ ಎಲ್ಲರಿಗೂ ಹೇಳಿಕೊಂಡ, ನೀವೂ ಹೇಳಿ ಆಂಟಿ ಅಂದ. ಅದಕ್ಕೇ ಈಗ ಹೇಳುತ್ತಿದ್ದೇನೆ. ರಸೆಲ್ ಒಂದು ದಿನ ಅವನ ಮನೆ ಬಾಗಿಲಿಗೆ ಹೋಗಿ ನಿಂತನಂತೆ. ಏನು ಮಾತಾಡಿದರೋ ಗೊತ್ತಿಲ್ಲ.

ಆದರೆ ಡ್ಯಾರಿಲ್‌ನನ್ನು ನಾನು ಮತ್ತೆ ನೋಡಿದ್ದು ಅದಕ್ಕೆ ಮುಂಚೆ, ಆ ವರ್ಷದ ನವೆಂಬರಿನಲ್ಲೇ. ಎರಡು ಬಸ್ ಬದಲಿಸಿ ಹಾಲ್ಟನ್ನಿಗೆ ಹೋದೆ. ಇಳಿಜಾರಿನ ಮೈದಾನ, ನಲವತ್ತು ಜನರೂ ಇರಲಿಲ್ಲ. ಅವನ ಗೋಲಿನ ಹಿಂದೆ ಕಂಬಿ ಹಿಡಿದು ನಿಂತೆ. ಅರ್ಧ ಆಟ ಅವನು ಹಿಂದಿರುಗಿ ನೋಡಲಿಲ್ಲ. ನೋಡಿಯೂ ನೋಡದಂತಿದ್ದಾನೋ ಏನೋ, ಬರಬಾರದಿತ್ತು ಅಂದುಕೊಂಡೆ. ವಿರಾಮದ ಸೀಟಿ ಊದಿದ ಮೇಲೆ ಉಳಿದವರೆಲ್ಲ ಒಳಗೆ ಹೋದರು. ಅವನು ಗ್ಲೌಸ್ ಕಂಕುಳಲ್ಲಿ ಸಿಕ್ಕಿಸಿಕೊಂಡು ನಾನಿದ್ದ ಕಡೆ ನಡೆದು ಬಂದ.

"ಇಲ್ಲಿಯ ಚಹಾ ಕುಡೀಬೇಡಿ ಆಂಟಿ," ಅಂದ. "ಸೂಪ್ ತಗೊಳ್ಳಿ. ಸೂಪ್ ಪರವಾಗಿಲ್ಲ."